ಸ್ಯಾಂ ಗಿಯೆಮ್ ಲೆ ದೆಜೆರ್: ಒಂದೇ ಕಣಿವೆಗೆ ಎಷ್ಟು ಹೆಸರು!

ಗುರುವಾರ

ಯೇಸು ಸ್ವರ್ಗಕ್ಕೇರಿದ ದಿನ ಅಂತ ಆಚರಿಸೋ ಅಸೆನ್ಷನ್ ಹಬ್ಬ ಯಾವ ವರ್ಷ ಆದ್ರೂ ಗುರುವಾರನೇ ಬರೋದು, ಶುಕ್ರವಾರ ಒಂದು ರಜೆ ಹಾಕ್ಬಿಟ್ರೆ ಭಾನುವಾರದ ತನಕ ಬಿಡುವು, ಹಾಗಾಗಿ ಆ ವಾರ ಫ್ರಾನ್ಸಲ್ಲಿ ಜನ ಮನೇಲಿರೋದಕ್ಕಿಂತ ರೋಡ್ ಮೇಲೆ ಇರೋದೇ ಜಾಸ್ತಿ. ನಾವೂ ಹೊರಟ್ವಿ. ನಾನು, ನಮ್ಮೆಜಮಾನ್ರು, ಮಗಳು, ಮತ್ತೆ ಚನ್ನರಾಯಪಟ್ಟಣದಿಂದ ಬಂದು ನಮ್ ಜೊತೆ ಇದ್ದ ಅತ್ತೆ. ತುಲೂಸಲ್ಲಿ ವಿಮಾನದ ಕೆಲಸಕ್ಕೆ ಅಂತ ಬೆಂಗಳೂರಿಂದ ಬಂದಿರೋ ಕುಟುಂಬಗಳು ಒಂದಷ್ಟಿವೆ, ಅದ್ರಲ್ಲಿ ನಮ್ದೂ ಒಂದು. ಹೋಗಬೇಕಿದ್ದ ಜಾಗ ದಕ್ಷಿಣ ಫ್ರಾನ್ಸಿನ ಎರೋ ಜಿಲ್ಲೆಯ ಒಂದು ಪುಟ್ಟ ಕಮ್ಯೂನು. ಫ್ರಾನ್ಸಲ್ಲಿ ಪ್ಯಾರಿಸ್ಸೂ ಒಂದು ಕಮ್ಯೂನೇ, ಇಪ್ಪತ್ತು ಮನೆ ಇರೋ ಹಳ್ಳೀನೂ ಕಮ್ಯೂನೇ, ಎಲ್ಲಕ್ಕೂ ಒಬ್ಬ ಮೇಯರು, ಒಂದು ಆಫೀಸು, ಅಂಥವು ಸುಮಾರು 35,000 ಇವೆ. ನಾವು ಹೊರಟಿದ್ದ ಊರಿನ ಜನಸಂಖ್ಯೆ 250ರ ಆಸುಪಾಸು, ಹೆಸರು ಮಾತ್ರ ಉದ್ದ: ಸ್ಯಾಂ ಗಿಯೆಮ್ ಲೆ ದೆಜೆರ್.

ನನ್ನನ್ನ ಅಲ್ಲಿಗೆ ಎಳೆದದ್ದೇ ಆ ಹೆಸರು. ಸ್ಯಾಂ ಅಂದ್ರೆ ಸಂತ, ಗಿಯೆಮ್ ಅಂದ್ರೆ ಒಬ್ಬ ಮನುಷ್ಯನ ಹೆಸರು, ಲೆ ದೆಜೆರ್ ಅಂದ್ರೆ ಮರುಭೂಮಿ. ಫೋಟೋದಲ್ಲಿ ನೋಡಿದ್ರೆ ಸುತ್ತಲೂ ಹಸಿರು, ಮಧ್ಯದಲ್ಲಿ ತೊರೆ, ಕೆಳಗೆ ನದಿ. ಇಷ್ಟು ನೀರಿರೋ ಕಡೆ ಮರುಭೂಮಿ ಎಲ್ಲಿಂದ ಬಂತು? ಅದರ ಮೇಲೆ ಈ ಗಿಯೆಮ್ ಅನ್ನೋನು 790ರಲ್ಲಿ ತುಲೂಸ್‌ನ ಕೌಂಟ್ ಆಗಿದ್ದವನು, ಅಂದ್ರೆ ನಾವೀಗ ದಿನಾ ಬೆಳಿಗ್ಗೆ ಮೆಟ್ರೋ ಹಿಡಿಯೋ ಊರಿನ ಒಡೆಯ. ಅವನು ಇಲ್ಲಿಂದ ಎದ್ದು ಆ ಕಣಿವೆಗೆ ಯಾಕೆ ಹೋದ ಅನ್ನೋದು ತಲೆಯಲ್ಲಿ ಕೂತ್ಬಿಟ್ಟಿತ್ತು.

ದಾರಿ ಸುಮಾರು 250 ಕಿಲೋಮೀಟರ್. ಕಾರ್ಕಸೋನ್, ನಾರ್ಬೋನ್, ಬೆಜಿಯೇ, ಆಮೇಲೆ ಉತ್ತರಕ್ಕೆ ತಿರುಗಿ ಜಿನ್ಯಾಕ್. ಕಾರ್ಕಸೋನ್ ಕೋಟೆ ಹೈವೇಯಿಂದ್ಲೇ ಕಾಣುತ್ತೆ, ಮಗಳು ಅಜ್ಜಿಗೆ ಅದನ್ನ ತೋರಿಸ್ತಾ ಇದ್ಲು, ಆದ್ರೆ ನಾನು ಕಾಯ್ತಾ ಇದ್ದದ್ದು ಇನ್ನೂ ಮುಂದಿನ ಒಂದು ಚಿಕ್ಕ ನದಿಗೆ. ಲೆಜಿನ್ಯಾನ್ ಹತ್ರ ಹೈವೇ ಓರ್ಬಿಯೂ ಅನ್ನೋ ನದೀನ ದಾಟುತ್ತೆ, ಬೋರ್ಡ್ ನೋಡೋಷ್ಟ್ರಲ್ಲಿ ಹಿಂದೆ ಹೋಗ್ಬಿಡುತ್ತೆ. 793ರಲ್ಲಿ ಸ್ಪೇನ್ ಕಡೆಯಿಂದ ಕಾರ್ಡೋಬಾದ ಮುಸ್ಲಿಂ ದೊರೆಯ ಸೈನ್ಯ ನಾರ್ಬೋನ್ ತನಕ ನುಗ್ಗಿ ಬಂದಾಗ ಗಿಯೆಮ್ ಅವರಿಗೆ ಎದುರಾಗಿ ನಿಂತಿದ್ದು ಇದೇ ನದಿ ಹತ್ರ. ಸೋತ. ಆದ್ರೆ ಆ ಸೈನ್ಯ ಮುಂದಕ್ಕೆ ಬರದೆ, ಕೊಳ್ಳೆ ಹೊಡೆದದ್ದನ್ನ ತಗೊಂಡು ವಾಪಸ್ ಹೋಯ್ತು, ಹಾಗಾಗಿ ಸೋತವನೇ ಜನರ ಬಾಯಲ್ಲಿ ವೀರ ಆದ. 801ರಲ್ಲಿ ಫ್ರಾಂಕರ ಚಕ್ರವರ್ತಿ ಶಾರ್ಲಮೇನ್‌ನ ಮಗ ಲೂಯಿ ಬಾರ್ಸಿಲೋನಾ ಗೆದ್ದಾಗ ಅದ್ರಲ್ಲೂ ಇವನದು ದೊಡ್ಡ ಪಾಲು. ಶಾರ್ಲಮೇನ್‌ಗೆ ಇವನು ಹತ್ತಿರದ ಸಂಬಂಧಿ, ತಾಯಿ ಕಡೆಯಿಂದ. ಅಧಿಕಾರ, ಹೆಸರು, ಗೆಲುವು ಎಲ್ಲಾ ಇತ್ತು.

ಮಧ್ಯಾಹ್ನ ಅನಿಯಾನ್ ಅನ್ನೋ ಊರಲ್ಲಿ ನಿಲ್ಸಿ, ಮನೆಯಿಂದ ತಂದಿದ್ದ ಚಪಾತಿ ಪಲ್ಯ ತಿಂದ್ವಿ. ಅನಿಯಾನ್ ಬಗ್ಗೆ ಎರಡು ಮಾತು ಹೇಳ್ಲೇಬೇಕು, ಯಾಕಂದ್ರೆ ಆ ಹೆಸರಿನ ಕಥೆ ಇಲ್ಲಿಂದ್ಲೇ ಶುರು. ಗಿಯೆಮ್ ಕಾಲದಲ್ಲೇ ವಿಟಿಜಾ ಅನ್ನೋ ಇನ್ನೊಬ್ಬ ದೊಡ್ಡ ಮನೆತನದ ಹುಡುಗ, ಅವನೂ ಯೋಧನೇ, ಕತ್ತಿ ಬಿಟ್ಟು ಸನ್ಯಾಸಿ ಆಗಿ ಬೆನುವಾ, ಅಂದ್ರೆ ಬೆನೆಡಿಕ್ಟ್ ಅಂತ ಹೆಸರು ಬದಲಾಯಿಸ್ಕೊಂಡು ಅನಿಯಾನ್‌ನಲ್ಲಿ ಮಠ ಕಟ್ಟಿದ. ಆಮೇಲೆ ಇಡೀ ಫ್ರಾಂಕ್ ಸಾಮ್ರಾಜ್ಯದ ಮಠಗಳಿಗೆಲ್ಲ ಒಂದೇ ನಿಯಮ ತಂದ ದೊಡ್ಡ ಸುಧಾರಕ ಅವನು. ಗಿಯೆಮ್ ಇವನ ಸ್ನೇಹಿತ. ಗಿಯೆಮ್ ಎಲ್ಲಾ ಬಿಟ್ಟು ಹೋಗಬೇಕು ಅಂದ್ಕೊಂಡಾಗ ಬೆನುವಾನ ಮಠಕ್ಕೆ ಒಂದೆರಡು ಗಂಟೆ ನಡಿಗೆಯಷ್ಟು ಹತ್ತಿರದ, ಆದ್ರೆ ಬಂಡೆ ಗೋಡೆಗಳ ಹಿಂದೆ ಅಡಗಿದ್ದ ಒಂದು ಕಣಿವೆ ಸಿಕ್ತು. ಅದರ ಹೆಸರು ಜೆಲೋನ್.

ಸಂಜೆ ದೆವ್ವದ ಸೇತುವೆ ಹತ್ರ ಹೋದ್ವಿ, ಪೋಂ ದ್ಯು ದಿಯಾಬ್ಲ್. ಎರೋ ನದಿ ಕಿರಿದಾದ ಬಂಡೆಗಳ ನಡುವೆಯಿಂದ ಹೊರಗೆ ಬರೋ ಜಾಗ ಅದು. ಮೇಲೆ ಬೂದು ಕಲ್ಲಿನ ಕಮಾನು, ಕೆಳಗೆ ಗಾಢ ಹಸಿರು ನೀರು, ಅದರ ಪಕ್ಕ ಕಲ್ಲುಗುಂಡುಗಳ ದಡದಲ್ಲಿ ಮಕ್ಕಳು ಈಜಾಡ್ತಿದ್ರು. ಕಥೆ ಏನಂದ್ರೆ, ಗಿಯೆಮ್ ಹಗಲಲ್ಲಿ ಕಟ್ಟಿಸಿದ್ದನ್ನ ದೆವ್ವ ರಾತ್ರಿ ಬಂದು ಬೀಳಿಸ್ತಿತ್ತಂತೆ, ಕೊನೆಗೆ ಒಪ್ಪಂದ ಆಯ್ತು, ಸೇತುವೆ ಮೇಲೆ ಮೊದಲು ದಾಟೋ ಜೀವ ದೆವ್ವಕ್ಕೆ ಅಂತ. ಗಿಯೆಮ್ ಒಂದು ನಾಯೀನ ಮೊದಲು ಓಡಿಸ್ದ. ಮೋಸ ಹೋದ ದೆವ್ವ ಸಿಟ್ಟಲ್ಲಿ ಸೇತುವೆ ಬೀಳಿಸೋಕೆ ನೋಡಿ, ಆಗದೆ, ತಾನೇ ನೀರಿಗೆ ಬಿತ್ತು, ಆ ಮಡುವಿಗೆ ಕಪ್ಪು ಮಡು ಅಂತ ಹೆಸರು ಬಂತು. ದೆವ್ವ ಮೇಲೆ ಬರದೇ ಇರ್ಲಿ ಅಂತ ಯಾತ್ರಿಕರು ಸೇತುವೆಯಿಂದ ಒಂದೊಂದು ಕಲ್ಲು ಎಸೆದು ಹೋಗ್ತಿದ್ರಂತೆ. ಚರಿತ್ರೆ ಹೇಳೋದೇ ಬೇರೆ: ಸೇತುವೆ 11ನೇ ಶತಮಾನದ್ದು, ಅನಿಯಾನ್ ಮತ್ತು ಜೆಲೋನ್ ಎರಡೂ ಮಠದವರು ಒಪ್ಪಂದ ಮಾಡ್ಕೊಂಡು ಕಟ್ಟಿಸಿದ್ದು. ಗಿಯೆಮ್ ತೀರಿಕೊಂಡು ಅಷ್ಟೊತ್ತಿಗೆ ಎರಡು ಶತಮಾನ ಕಳೆದಿತ್ತು. ಆದ್ರೂ ಜನ ಕಥೆಗೆ ಅವನನ್ನೇ ಕರ್ಕೊಂಡು ಬಂದ್ರಲ್ಲ, ಅದು ನನಗೆ ಬಹಳ ಇಷ್ಟ ಆಯ್ತು, ಅಷ್ಟರಮಟ್ಟಿಗೆ ಈ ನದಿ ದಡದಲ್ಲಿ ಅವನ ಹೆಸರು ಬೇರೂರಿತ್ತು ಅಂತ ಅರ್ಥ.

ರಾತ್ರಿ ಉಳ್ಕೊಂಡಿದ್ದು ಸೇತುವೆಯ ಈಚೆ ಸ್ಯಾಂ ಜಾಂ ದ ಫೋಸ್‌ನಲ್ಲಿ. ಇದು ಕುಂಬಾರರ ಊರು, ಹಳೇ ಮನೆಗಳಲ್ಲಿ ಮಳೆ ನೀರು ಇಳಿಯೋ ಕೊಳವೆಗಳೂ ಹೊಳಪಿನ ಹಸಿರು ಬಣ್ಣದ ಮಣ್ಣಿನವೇ.

ಶುಕ್ರವಾರ

ರಜಾ ದಿನಗಳಲ್ಲಿ ಕಣಿವೆಯ ಊರಿನೊಳಗೆ ಕಾರ್ ನಿಲ್ಸೋದು ಕಷ್ಟ ಅಂತ ಸೇತುವೆ ಹತ್ರದ ಪಾರ್ಕಿಂಗ್‌ನಲ್ಲೇ ಬಿಟ್ಟು ಬಸ್ ಹತ್ತಿದ್ವಿ. ದಾರಿ ಪೂರ್ತಿ ನದಿ ಪಕ್ಕದಲ್ಲೇ, ಒಂದು ಕಡೆ ಬಂಡೆ ಇನ್ನೊಂದು ಕಡೆ ನೀರು, ಹಿಂಗೇ ಹೋಗ್ತಾ ಹೋಗ್ತಾ ಎಡಗಡೆ ಒಂದು ಸಂದಿ ಬಿಚ್ಕೊಳ್ಳುತ್ತೆ, ಅದೇ ಜೆಲೋನ್ ಕಣಿವೆ, ಅದರೊಳಗಿಂದ ವೆರ್ದೂಸ್ ಅನ್ನೋ ತೊರೆ ಇಳಿದು ಬಂದು ಎರೋ ನದಿಗೆ ಸೇರುತ್ತೆ. ತೊರೆಯ ಎರಡೂ ಪಕ್ಕ ಕಲ್ಲಿನ ಮನೆಗಳು ಒಂದಕ್ಕೊಂದು ಒತ್ಕೊಂಡು ಉದ್ದಕ್ಕೆ ಮೇಲೆ ಹತ್ತಿವೆ. ತಲೆ ಮೇಲೆ ಎಲ್ಲಿ ನೋಡಿದ್ರೂ ಸುಣ್ಣಕಲ್ಲಿನ ಗೋಡೆ.

ಇಳಿದ ತಕ್ಷಣ ಅತ್ತೆ ಕೇಳಿದ್ರು, "ಏನಮ್ಮಾ ಇದು, ಮರುಭೂಮಿ ಅಂತ ಹೆಸರಿಟ್ಕೊಂಡು ಇಷ್ಟೊಂದು ನೀರು ಹರೀತಿದ್ಯಲ್ಲ?"

ಬೀದಿ ಹತ್ತುತ್ತಾ ಹೇಳ್ತಾ ಹೋದೆ. ಈ ದೆಜೆರ್ ಅನ್ನೋದು ಮರಳಿನ ಲೆಕ್ಕ ಅಲ್ಲ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಬಿಟ್ಟುಹೋದ ಜಾಗ, ಜನ ಇಲ್ಲದ ಜಾಗ ಅಂತ ಅರ್ಥ. ಕ್ರಿಸ್ತ ಸನ್ಯಾಸದ ಮೊದಲ ಗುರುಗಳು ಈಜಿಪ್ಟ್‌ನ ನಿಜವಾದ ಮರಳುಗಾಡಿಗೆ ಹೋಗಿ ಒಬ್ಬೊಬ್ಬರೇ ಗುಹೆಗಳಲ್ಲಿ ಕೂತವರು, 3ನೇ 4ನೇ ಶತಮಾನದಲ್ಲಿ. ಆಮೇಲೆ ಯುರೋಪಿನ ಸನ್ಯಾಸಿಗಳಿಗೆ ಮರಳುಗಾಡು ಎಲ್ಲಿ ಸಿಗಬೇಕು, ಅವರು ಕಾಡು, ಬೆಟ್ಟ, ಕೊರಕಲು ಹುಡುಕ್ಕೊಂಡು ಹೋಗಿ ಅದನ್ನೇ ತಮ್ಮ ದೆಜೆರ್ ಅಂತ ಕರೆದ್ರು. ಅಂದ್ರೆ ಮನುಷ್ಯರ ಸದ್ದು ಕೇಳದ ಏಕಾಂತ. "ಹಂಗಾದ್ರೆ ತಪೋವನ ಅನ್ನು" ಅಂದ್ರು ಅತ್ತೆ. ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರ್ತಿರ್ಲಿಲ್ಲ.

804ರಲ್ಲಿ ಗಿಯೆಮ್ ಇಲ್ಲಿ ಮಠ ಸ್ಥಾಪನೆ ಮಾಡ್ದ, 806ರಲ್ಲಿ ತಾನೇ ಬಂದು ಸನ್ಯಾಸಿ ಆದ, 812ರ ಹೊತ್ತಿಗೆ ಇಲ್ಲೇ ತೀರಿಕೊಂಡ. ಅವನ ಬಗ್ಗೆ ಆಮೇಲೆ ಮಠದವರು ಬರೆದ ಚರಿತೆಯಲ್ಲಿ, ಸನ್ಯಾಸಕ್ಕೆ ಬರೋ ದಾರಿಯಲ್ಲಿ ಬ್ರಿಯೂದ್ ಅನ್ನೋ ಊರಿನ ಸಂತನ ಗುಡಿಗೆ ಹೋಗಿ ತನ್ನ ಶಿರಸ್ತ್ರಾಣ, ಗುರಾಣಿ ಅಲ್ಲೇ ಒಪ್ಪಿಸಿ ಬಂದ ಅಂತ ಇದೆ. ಇದನ್ನ ಓದಿದಾಗ ನನಗೆ ಮೈ ಜುಮ್ ಅಂದಿತ್ತು, ಯಾಕಂದ್ರೆ ಗಿಯೆಮ್ ಅನ್ನೋ ಹೆಸರಲ್ಲೇ ಶಿರಸ್ತ್ರಾಣ ಇದೆ. ಹಳೇ ಜರ್ಮನ್ ಭಾಷೆಗಳಲ್ಲಿ ವಿಲ್ ಅಂದ್ರೆ ಸಂಕಲ್ಪ, ಹೆಲ್ಮ್ ಅಂದ್ರೆ ತಲೆಗೆ ಹಾಕೋ ಕವಚ. ಇಂಗ್ಲಿಷಿನ ವಿಲಿಯಮ್, ಜರ್ಮನಿಯ ವಿಲ್ಹೆಲ್ಮ್, ಉತ್ತರ ಫ್ರೆಂಚಿನ ಗಿಯೋಮ್, ಇವೆಲ್ಲಾ ಒಂದೇ ಬೇರು. ದಕ್ಷಿಣದ ಒಕ್ಸಿತಾನ್ ಭಾಷೆಯಲ್ಲಿ ಅದು ಗಿಯೆಮ್ ಆಯ್ತು. ಊರಿನ ಬೋರ್ಡಲ್ಲಿ ಎಲ್ ಆದ್ಮೇಲೆ ಎಚ್ ಹಾಕಿ ಬರೀತಾರಲ್ಲ, ಅದು ಒಕ್ಸಿತಾನ್ ಬರವಣಿಗೆ, ಪ್ಯಾರಿಸಿನ ಫ್ರೆಂಚ್ ಅಲ್ಲ. ಇಡೀ ದಕ್ಷಿಣದಲ್ಲಿ ಆ ಭಾಷೆ ಆಡೋರು ಕಮ್ಮಿ ಆಗ್ತಾ ಬಂದಿದ್ರೂ ಊರ ಹೆಸರೊಳಗೆ ಅದು ಹಾಗೇ ಕೂತಿದೆ, ಬೋರ್ಡ್ ಮುಂದೆ ನಿಂತಾಗ ನಂಗೆ ಖುಷಿ ಆಯ್ತು, ಸ್ವಲ್ಪ ಸಂಕಟಾನೂ ಆಯ್ತು.

ಗಿಯೆಮ್ ಕಥೆ ಹೇಳಿ ಮುಗಿಸೋಕೂ ಅತ್ತೆ ಬಿಡ್ಲಿಲ್ಲ. "ಗೊತ್ತಾಯ್ತು ಬಿಡಮ್ಮ, ಗೆದ್ಮೇಲೆ ಬಿಟ್ಟೋನು, ನಮ್ ಬಾಹುಬಲಿ ಥರ" ಅಂದ್ರು. ಶ್ರವಣಬೆಳಗೊಳದ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಇದನ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚರಿತೆಯಲ್ಲಿ ಇನ್ನೂ ಒಂದು ವಿಷಯ ಇದೆ, ಬಾರ್ಸಿಲೋನಾ ಗೆದ್ದ ಈ ಮನುಷ್ಯ ಮಠದಲ್ಲಿ ಅಡುಗೆಮನೆ ಕೆಲಸ, ಬ್ರೆಡ್ ಸುಡೋ ಒಲೆ ಕೆಲಸ ಕೇಳಿ ಪಡ್ಕೊಂಡು ಮಾಡ್ತಿದ್ದನಂತೆ.

ಬೀದಿ ಮುಗಿದ ಕಡೆ ಚೌಕ, ಹೆಸರು ಪ್ಲಾಸ್ ದ ಲಾ ಲಿಬೆರ್ತೆ, ಸ್ವಾತಂತ್ರ್ಯ ಚೌಕ. ಮಧ್ಯದಲ್ಲಿ 150 ವರ್ಷ ದಾಟಿದ ದೊಡ್ಡ ಪ್ಲೇನ್ ಮರ, ಅಂದ್ರೆ ನಮ್ ಕಾಶ್ಮೀರದ ಚಿನಾರ್ ಜಾತಿದು, ಕಾಂಡದ ಸುತ್ತಳತೆ 6 ಮೀಟರ್ ಹತ್ರ, ಮಗಳು ಮತ್ತೆ ಅವಳಪ್ಪ ಇಬ್ರೂ ಕೈ ಚಾಚಿ ಹಿಡ್ಕೊಂಡ್ರೂ ಅರ್ಧ ಕೂಡ ಬರ್ಲಿಲ್ಲ. ಅದರ ನೆರಳಲ್ಲಿ ಕೆಫೆ ಕುರ್ಚಿಗಳು, ನಲ್ಲಿ ನೀರಿನ ಕಾರಂಜಿ, ಒಂದು ಪಕ್ಕಕ್ಕೆ ಮಠದ ಚರ್ಚಿನ ಬಾಗಿಲು. ಸುತ್ತಲಿನ ಮನೆ ಬಾಗಿಲುಗಳ ಮೇಲೆ ಒಂದು ಒಣಗಿದ ಹೂವು ಮೊಳೆ ಹೊಡೆದು ನೇತು ಹಾಕಿರ್ತಾರೆ, ಅಂಗೈಗಿಂತ ದೊಡ್ಡದು, ಮಧ್ಯೆ ಬಂಗಾರದ ಬಣ್ಣ, ಸುತ್ತ ಮುಳ್ಳಿನ ಎಲೆ. ಕಾರ್ದಬೆಲ್ ಅಂತಾರೆ. ಗಾಳಿಯಲ್ಲಿ ತೇವ ಜಾಸ್ತಿ ಆದ್ರೆ ಒಣಗಿದ ಹೂವೂ ಮುಚ್ಕೊಳ್ಳುತ್ತೆ, ಒಣ ಹವೆ ಇದ್ರೆ ಬಿಚ್ಕೊಳ್ಳುತ್ತೆ, ಹಾಗಾಗಿ ಮಳೆ ಬರುತ್ತಾ ಅಂತ ತಿಳ್ಕೊಳ್ಳೋಕೆ ಇದನ್ನ ನೋಡ್ತಿದ್ರು, ಮನೆಗೆ ಕೆಟ್ಟದ್ದು ಬರಬಾರ್ದು ಅಂತ್ಲೂ ಹಾಕ್ತಾರೆ. ಅವತ್ತು ಎಲ್ಲಾ ಬಾಗಿಲ ಮೇಲೂ ಪೂರ್ತಿ ಬಿಚ್ಕೊಂಡಿತ್ತು.

ಚರ್ಚಿನೊಳಗೆ ಕಾಲಿಟ್ಟ ತಕ್ಷಣ ತಂಪು. ಕಟ್ಟಡ 11ನೇ ಶತಮಾನದ್ದು, ಎತ್ತರ ಜಾಸ್ತಿ, ಅಗಲ ಕಮ್ಮಿ, ಕಿಟಕಿಗಳು ಚಿಕ್ಕವು, ಗೋಡೆಗಳ ಮೇಲೆ ಬಣ್ಣ ಇಲ್ಲ ಅಲಂಕಾರ ಇಲ್ಲ, ಬರೀ ಕಲ್ಲು. ಹಿಂದಿನಿಂದ ಹೊರಗೆ ಹೋಗಿ ನೋಡಿದ್ರೆ ಅರ್ಧವೃತ್ತದ ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ 18 ಚಿಕ್ಕ ಗೂಡುಗಳು, ಪ್ರತಿಯೊಂದರ ನಡುವೆ ಪುಟಾಣಿ ಕಂಬ. ಒಳಗೆ ಒಂದು ಪೈಪ್ ಆರ್ಗನ್ ಇದೆ, ಜಾಂ ಪಿಯೆರ್ ಕವಾಯೇ ಮಾಡಿದ್ದು, 1789ರದ್ದು. ಆ ವರ್ಷ ಫ್ರಾನ್ಸಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು, ಕ್ರಾಂತಿ ಬಂತು, ಆರ್ಗನ್ ಕೆಲಸ ಪೂರ್ತಿ ಆಗ್ಲೇ ಇಲ್ಲ.

ಈಗ ಹೆಸರಿನ ವಿಷಯಕ್ಕೆ ಬರ್ತೀನಿ. ಗಿಯೆಮ್ ಬದುಕಿದ್ದಾಗ, ಸತ್ತು ಬಹಳ ಕಾಲ ಆದ್ಮೇಲೂ, ಇದು ಜೆಲೋನ್ ಮಠ, ಅಷ್ಟೇ. ಅವನ ಹೆಸರು ಊರಿಗೆ ಅಂಟಿಕೊಂಡಿದ್ದು 12ನೇ ಶತಮಾನದ ಹೊತ್ತಿಗೆ. ಯಾಕೆ ಅಂತ ಯೋಚ್ನೆ ಮಾಡಿದ್ರೆ ಮೂರ್ನಾಲ್ಕು ಎಳೆ ಸೇರ್ಕೊಂಡು ಹಗ್ಗ ಆಗಿರೋದು ಕಾಣುತ್ತೆ. ಅನಿಯಾನ್ ಮಠದವರು ಜೆಲೋನ್ ನಮ್ಮ ಅಧೀನ ಅಂತಿದ್ರು, ಜೆಲೋನ್‌ನವರು ಇಲ್ಲ ನಾವು ಸ್ವತಂತ್ರ ಅಂತಿದ್ರು, ಈ ಜಗಳ ಎಷ್ಟು ಜೋರಾಗಿತ್ತು ಅಂದ್ರೆ ಎರಡೂ ಕಡೆಯವರು ಹಳೇ ದಾನಪತ್ರಗಳನ್ನ ತಮಗೆ ಬೇಕಾದ ಹಾಗೆ ತಿದ್ದಿ ಬರೆಸ್ಕೊಂಡಿದ್ದಾರೆ, ಇವತ್ತಿಗೂ ವಿದ್ವಾಂಸರು ಯಾವುದು ಅಸಲಿ ಯಾವುದು ನಕಲಿ ಅಂತ ಬಿಡಿಸ್ತಾ ಕೂತಿದ್ದಾರೆ. ಆ ಜಗಳದಲ್ಲಿ ಜೆಲೋನ್‌ನವರ ಕೈಲಿದ್ದ ದೊಡ್ಡ ಆಸ್ತಿ ಅಂದ್ರೆ ಗಿಯೆಮ್‌ನ ಸಮಾಧಿ. ಇನ್ನೊಂದು, ಶಾರ್ಲಮೇನ್ ಅವನಿಗೆ ಕೊಟ್ಟಿದ್ದು ಅಂತ ನಂಬೋ, ಯೇಸುವಿನ ಶಿಲುಬೆಯ ಒಂದು ಚೂರು. ಅದೇ ಕಾಲಕ್ಕೆ ಉತ್ತರ ಫ್ರಾನ್ಸಲ್ಲಿ ಗಾಯಕರು ಗಿಯೋಮ್‌ನ ಯುದ್ಧಗಳ ವೀರಗಾಥೆಗಳನ್ನ ಊರೂರಲ್ಲಿ ಹಾಡ್ತಿದ್ರು, ಯುದ್ಧದಲ್ಲಿ ಮೂಗಿನ ತುದಿ ಹೋಗಿ ಮೊಂಡುಮೂಗಿನ ಗಿಯೋಮ್ ಅಂತ ಹೆಸರಾದ ವೀರ ಅವನು. ಸಂತ ಜೇಮ್ಸ್‌ನ ಸಮಾಧಿ ಇದೆ ಅಂತ ನಂಬೋ ಸ್ಪೇನಿನ ಸಾಂತಿಯಾಗೋಗೆ ಹೋಗೋ ಯಾತ್ರಿಕರ ಒಂದು ಮುಖ್ಯ ದಾರಿ, ಆರ್ಲ್‌ನಿಂದ ಹೊರಟು ತುಲೂಸ್ ಮೇಲೆ ಹೋಗೋದು, ಇದೇ ಕಣಿವೆಯಿಂದ ಹಾಯ್ದು ಹೋಗುತ್ತೆ. 12ನೇ ಶತಮಾನದ ಯಾತ್ರಿಕರ ಕೈಪಿಡಿಯಲ್ಲೇ ಆ ದಾರಿಯಲ್ಲಿ ಹೋಗೋರು ಸಂತ ಗಿಯೆಮ್‌ನ ದರ್ಶನ ಮಾಡಬೇಕು ಅಂತ ಬರೆದಿದೆ. ದಣಿದು ಬಂದ ಯಾತ್ರಿಕ ನಾನು ಜೆಲೋನ್‌ಗೆ ಹೋಗ್ತೀನಿ ಅಂತ ಹೇಳಲ್ಲ, ಸಂತ ಗಿಯೆಮ್ ಹತ್ರ ಹೋಗ್ತೀನಿ ಅಂತಾನೆ. ಹಾಗೆ ಹೇಳ್ತಾ ಹೇಳ್ತಾ ಮನುಷ್ಯನ ಹೆಸರೇ ಊರಿನ ಹೆಸರಾಯ್ತು. ತನ್ನನ್ನ ಎಲ್ಲರೂ ಮರೀಲಿ ಅಂತ ಜಾಗ ಹುಡುಕ್ಕೊಂಡು ಬಂದವನ ಹೆಸರು ಆ ಜಾಗದ ಮೇಲೆ ಸಾವಿರ ವರ್ಷ ನಿಂತುಬಿಟ್ಟಿದೆ, ಇದು ಅವನಿಗೆ ಇಷ್ಟ ಆಗ್ತಿತ್ತಾ ಅನ್ನೋ ಪ್ರಶ್ನೆ ಆ ಚರ್ಚಿನಲ್ಲಿ ಕೂತಿದ್ದಷ್ಟು ಹೊತ್ತೂ ನನ್ನನ್ನ ಬಿಡ್ಲಿಲ್ಲ.

ಕ್ರಾಂತಿ ಕಾಲದಲ್ಲಿ ಇನ್ನೊಂದು ಸಲ ಹೆಸರು ಬದಲಾಯ್ತು. 1793-94ರಲ್ಲಿ ಸಂತರ ಹೆಸರಿರೋ ಊರುಗಳನ್ನೆಲ್ಲ ಬದಲಾಯಿಸ್ತಾ ಬಂದ್ರು, ಪ್ಯಾರಿಸ್ ಪಕ್ಕದ ಸ್ಯಾಂ ದೆನಿ ಊರು ಫ್ರಾನ್ಸಿಯಾದ್ ಆಯ್ತು, ಇಲ್ಲಿ ಸಂತನನ್ನ ತೆಗೆದು ತೊರೆಯ ಹೆಸರು ಹಾಕಿ ವೆರ್ದೂಸ್ ಲೆ ದೆಜೆರ್ ಅಂದ್ರು. ಸಂತ ಹೋದ್ರೂ ಅವನ ಏಕಾಂತ ಉಳೀತು ನೋಡಿ, ಮರುಭೂಮೀನ ಯಾರೂ ಮುಟ್ಲಿಲ್ಲ. ಆಮೇಲೆ ಗಾಳಿ ತಣ್ಣಗಾದ್ಮೇಲೆ ಹಳೇ ಹೆಸರೇ ವಾಪಸ್ ಬಂತು. ಜೆಲೋನ್ ಅನ್ನೋದು ಮಾತ್ರ ಊರ ಹೆಸರಾಗಿ ಮತ್ತೆ ಬರ್ಲಿಲ್ಲ, ಆದ್ರೆ ಮಠದ ಹೆಸರಲ್ಲಿ ಇನ್ನೂ ಇದೆ, ಊರಿನ ಮುಖ್ಯ ಬೀದಿಯ ಹೆಸರಲ್ಲೂ ಇದೆ. ನನ್ನ ಕೇಳಿದ್ರೆ ಎಲ್ಲಾ ಹೆಸರಿಗಿಂತ ಅದೇ ಚಂದ, ಗಿಯೆಮ್ ಬರೋಕೆ ಮುಂಚೆ ಈ ಕಣಿವೆಗೆ ಇದ್ದ ಹೆಸರಲ್ವಾ.

ಹೆಸರು ವಾಪಸ್ ಬಂತು, ಕಲ್ಲುಗಳು ಬರ್ಲಿಲ್ಲ. ಮಠದ ಕಟ್ಟಡ ಮಾರಾಟ ಆಯ್ತು, ಅದರ ಒಳಾಂಗಣದ ಸುತ್ತ ಇದ್ದ ಮೇಲಂತಸ್ತಿನ ಕಂಬಗಳ ಸಾಲನ್ನ ಬಿಚ್ಚಿ ಯಾರ್ಯಾರೋ ಹೊತ್ಕೊಂಡು ಹೋದ್ರು. ಒಂದಷ್ಟು ಅನಿಯಾನ್‌ನ ಒಬ್ಬ ನ್ಯಾಯಾಧೀಶರ ತೋಟ ಸೇರಿ, ಅಲ್ಲಿ ದ್ರಾಕ್ಷಿ ಬಳ್ಳಿ ಚಪ್ಪರಕ್ಕೆ ಆಸರೆ ಆಗಿ ನಿಂತಿದ್ವು. 20ನೇ ಶತಮಾನದ ಶುರುವಿನಲ್ಲಿ ಜಾರ್ಜ್ ಗ್ರೇ ಬರ್ನಾರ್ಡ್ ಅನ್ನೋ ಅಮೆರಿಕದ ಶಿಲ್ಪಿ ಅವನ್ನ ಕೊಂಡ್ಕೊಂಡು ಹಡಗಲ್ಲಿ ಸಾಗಿಸ್ದ, ಸುಮಾರು 140 ತುಂಡುಗಳು. 1925ರಲ್ಲಿ ಅಮೆರಿಕದ ಭಾರೀ ಶ್ರೀಮಂತ ರಾಕ್‌ಫೆಲ್ಲರ್ ಕೊಟ್ಟ ದುಡ್ಡಲ್ಲಿ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ತಗೊಳ್ತು, 1938ರಲ್ಲಿ ಶುರುವಾದ ಕ್ಲಾಯ್‌ಸ್ಟರ್ಸ್ ಮ್ಯೂಸಿಯಂನಲ್ಲಿ ಅವನ್ನ ಮತ್ತೆ ಜೋಡಿಸಿ ನಿಲ್ಸಿದ್ದಾರೆ. ಅಲ್ಲಿನ ಆ ಅಂಗಳದ ಹೆಸರೂ ಸೇಂಟ್ ಗಿಯೆಮ್ ಅಂತ್ಲೇ. ಇಲ್ಲಿ ಉಳಿದಿರೋದು ಕೆಳಗಿನ ಸಾಲಿನ ಒಂದಷ್ಟು ಕಮಾನು ಮಾತ್ರ, ಗಟ್ಟಿಯಾದ ಸರಳ ಕಮಾನುಗಳು. ಹಾಳಾಗಿ ಪುಡಿಯಾಗೋದಕ್ಕಿಂತ ಅಲ್ಲಿ ಉಳ್ಕೊಂಡಿದ್ದು ಒಳ್ಳೇದೇ ಅಂತ ಯಜಮಾನ್ರು ಅಂದ್ರು. ನಂಗೆ ಒಪ್ಪೋಕಾಗ್ಲಿಲ್ಲ, ಆ ಕಲ್ಲು ಈ ಬೆಟ್ಟದ ಬೆಳಕಿಗೆ ಅಂತ ಕೆತ್ತಿದ್ದು.

ಶನಿವಾರ

ಬೆಳಿಗ್ಗೆ ಬೇಗ ಎದ್ದು ಬೆಟ್ಟ ಹತ್ತಿದ್ವಿ. ಅತ್ತೆ ಚೌಕದ ಮರದ ಕೆಳಗೆ ಕೂರ್ತೀನಿ ಅಂದ್ರು, ಅವರಿಗೆ ಮಂಡಿ ನೋವು. ಹೊರಡೋ ಬೀದಿ ಹೆಸರು ರ್ಯು ದ್ಯು ಬೂ ದ್ಯು ಮೋಂದ್, ಅಂದ್ರೆ ಪ್ರಪಂಚದ ಕೊನೆಯ ಬೀದಿ. ಅದನ್ನ ಹಿಡಿದು ಹೋದ್ರೆ ನಿಜಕ್ಕೂ ಕಣಿವೆ ಮುಗಿದೇ ಹೋಗುತ್ತೆ, ಮುಂದೆ ಮೂರು ಕಡೆಯಿಂದ್ಲೂ ಬಂಡೆ ಸುತ್ತಿಕೊಂಡಿರೋ ಕೊಳ್ಳ, ಅದರ ಹೆಸರು ಆಂಫೆರ್ನೆ, ನರಕದ ಹೆಸರಿಂದ ಬಂದಿದ್ದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ಬಿಳೀ ಬಂಡೆಗಳ ನಡುವೆ ನಿಂತ್ರೆ ಆ ಹೆಸರು ಯಾಕೆ ಅಂತ ಕೇಳೋ ಅಗತ್ಯಾನೇ ಬೀಳಲ್ಲ ಅನ್ಸುತ್ತೆ, ಮೇ ತಿಂಗಳ ಬೆಳಿಗ್ಗೆಯೇ ಬಂಡೆ ಕಾದು ಮುಖಕ್ಕೆ ಹೊಡೀತಿತ್ತು.

ಇದೇ ಸುತ್ತಾಟದ ದಾರಿಯಲ್ಲಿ ಸನ್ಯಾಸಿಗಳು ಬಂಡೆ ಪಕ್ಕಕ್ಕೆ ಕಲ್ಲು ಕಟ್ಟಿ ಮಾಡಿದ ಹಳೇ ಹಾದಿ ಇದೆ, ಫೆನೆಸ್ತ್ರೆಲ್ ಅಂತಾರೆ, ಚಿಕ್ಕ ಕಿಟಕಿಗಳು ಅಂತ ಅರ್ಥ, ಹಾದಿಯನ್ನ ಹೊತ್ತಿರೋ ಕಮಾನುಗಳು ಕೆಳಗಿಂದ ನೋಡಿದ್ರೆ ಕಿಟಕಿ ಹಾಗೇ ಕಾಣ್ತವೆ. ಇನ್ನೂ ಮೇಲೆ ಒಂದು ಒಂಟಿ ಗುಡಿ, ಸನ್ಯಾಸಿಯೊಬ್ಬ ಇರೋಕೆ ಅಂತ ಕಟ್ಟಿದ್ದು, ಹೆಸರು ನೋತ್ರ್ ದಾಮ್ ದ ಲಿಯು ಪ್ಲೆಜಾಂ, ಮನಸ್ಸಿಗೆ ಹಿತವಾದ ಜಾಗದ ಮಾತೆ. ಮರುಭೂಮಿ, ನರಕ, ಪ್ರಪಂಚದ ಕೊನೆ, ಹಿತವಾದ ಜಾಗ, ಇವೆಲ್ಲಾ ಒಂದೇ ಕಮ್ಯೂನಿನ ಗಡಿಯೊಳಗೆ ಒಂದು ದಿನದ ನಡಿಗೆಯಲ್ಲಿ ಸಿಗುತ್ತೆ. ಇಲ್ಲಿ ಹೆಸರಿಟ್ಟವರು ಈ ಬೆಟ್ಟದಲ್ಲಿ ನಡೆದು, ಬೆವರು ಹರಿಸಿ, ನೆರಳು ಕಂಡಾಗ ಕೂತು ಹೆಸರಿಟ್ಟಿದ್ದಾರೆ. ದಾರಿ ಪಕ್ಕ ಕಪ್ಪು ಪೈನ್ ಮರಗಳ ಕಾಡು ಬೇರೆ, ಸಾಲ್ಜ್‌ಮನ್ ಪೈನ್ ಅಂತ, ಫ್ರಾನ್ಸಲ್ಲಿ ಕೆಲವೇ ಕಡೆ ಉಳಿದಿರೋ ಜಾತಿ.

ಊರಿನ ತಲೆ ಮೇಲೆ ಬಂಡೆ ತುದಿಯಲ್ಲಿ ಒಂದು ಹಾಳು ಕೋಟೆ ಕಾಣುತ್ತೆ. ಜನರ ಬಾಯಲ್ಲಿ ಅದು ರಾಕ್ಷಸನ ಕೋಟೆ. ಅಲ್ಲೊಬ್ಬ ರಾಕ್ಷಸ ಇದ್ದನಂತೆ, ಅವನ ಹತ್ರ ಮಾತಾಡೋ ಒಂದು ಮ್ಯಾಗ್‌ಪೈ ಹಕ್ಕಿ. ಗಿಯೆಮ್ ಕೆಲಸದವಳ ವೇಷ ಹಾಕ್ಕೊಂಡು ಒಳಗೆ ಹೋದಾಗ ಹಕ್ಕಿ ಗುರುತು ಹಿಡಿದು ಗಿಯೆಮ್ ಬಂದ ಗಿಯೆಮ್ ಬಂದ ಅಂತ ಕೂಗ್ತು, ರಾಕ್ಷಸ ಕಿವಿಗೆ ಹಾಕ್ಕೊಳ್ಳಲಿಲ್ಲ, ಬಂಡೆಯಿಂದ ಕೆಳಕ್ಕೆ ಬಿದ್ದು ಸತ್ತ. ಗಿಯೆಮ್‌ಗೆ ಹಕ್ಕಿ ಮೇಲೆ ಸಿಟ್ಟು ಬಂದು, ಅವತ್ತಿಂದ ಆ ಹಕ್ಕಿಗಳು ಈ ಊರಲ್ಲಿ ಇರೋದೇ ಇಲ್ಲ ಅಂತ ಕಥೆ. ಮಗಳು ಇಳಿಯೋ ತನಕ ಆಕಾಶ ನೋಡ್ಕೊಂಡೇ ಬಂದ್ಲು. ತುಲೂಸಲ್ಲಿ ನಮ್ಮ ಅಪಾರ್ಟ್‌ಮೆಂಟ್ ಹುಲ್ಲಿನ ಮೇಲೆ ದಿನಾ ನಾಲ್ಕೈದು ಓಡಾಡ್ತಿರ್ತವೆ, ಇಲ್ಲಿ ನಮಗಂತೂ ಒಂದೂ ಕಾಣ್ಲಿಲ್ಲ.

ಕೆಳಗೆ ಬಂದು ನೋಡಿದ್ರೆ ಅತ್ತೆ ಮರದ ಕೆಳಗೆ ಒಬ್ಬ ವಯಸ್ಸಾದ ಫ್ರೆಂಚ್ ಹೆಂಗಸಿನ ಜೊತೆ ಕೂತಿದ್ರು. ಆಕೆ ಬೆನ್ನಿಗೆ ಬ್ಯಾಗು, ಬ್ಯಾಗಿಗೆ ಯಾತ್ರಿಕರ ಗುರುತಾದ ಕಪ್ಪೆಚಿಪ್ಪು, ಆರ್ಲ್‌ನಿಂದ ನಡ್ಕೊಂಡೇ ಬರ್ತಿದ್ರು. ಇಬ್ರಿಗೂ ಭಾಷೆ ಒಂದಕ್ಕೊಂದು ಗೊತ್ತಿಲ್ಲ. ಅತ್ತೆ ತಮ್ಮ ಡಬ್ಬಿಯಿಂದ ಕೋಡುಬಳೆ ಕೊಟ್ಟಿದ್ರು, ಆಕೆ ಒಣಗಿದ ಏಪ್ರಿಕಾಟ್ ಕೊಟ್ಟಿದ್ರು. ನಾನು ಹೋಗಿ ಮಾತಾಡಿಸಿದಾಗ, ಮುಂದೆ ಎಲ್ಲಿ ತನಕ ಅಂತ ಕೇಳ್ದೆ. ಈ ವರ್ಷ ತುಲೂಸ್ ತನಕ, ಉಳಿದದ್ದು ಕಾಲು ಹೇಗಿರುತ್ತೋ ಹಾಗೆ ಅಂದ್ರು. ಗಿಯೆಮ್ ಬಿಟ್ಟು ಬಂದ ಊರಿಗೆ ಆಕೆ ನಡ್ಕೊಂಡು ಹೋಗ್ತಿದಾರೆ. ಅತ್ತೆ ಹೋಗೋವಾಗ ಇನ್ನೊಂದು ಹಿಡಿ ಕೋಡುಬಳೆ ಪೇಪರಲ್ಲಿ ಸುತ್ತಿ ಕೊಟ್ರು.

ಭಾನುವಾರ

ವಾಪಸ್ ಹೋಗೋ ದಿನ, ದಾರಿಯಲ್ಲೇ ಇರೋ ಕ್ಲಮೂಜ್ ಗುಹೆ ನೋಡ್ಕೊಂಡು ಹೋಗೋಣ ಅಂತ ನಿಲ್ಸಿದ್ವಿ. 1945ರಲ್ಲಿ ಗುಹೆ ಹುಡುಕೋರು ಒಳಗೆ ದಾರಿ ಕಂಡ್ಕೊಂಡ್ರು, 1964ರಿಂದ ಜನ ನೋಡೋಕೆ ತೆರೆದಿದ್ದಾರೆ. ಒಳಗೆ ಸುಣ್ಣದ ಹನಿ ಇಳಿದು ಇಳಿದು ಆಗಿರೋ ಕಂಬಗಳು, ಪರದೆಗಳು, ಒಂದು ಕಡೆ ಬಂಡೆ ಮೇಲೆ ಅರಗೊನೈಟ್ ಅನ್ನೋ ಬಿಳೀ ಹರಳುಗಳು ಸೂಜಿ ಸೂಜಿಯಾಗಿ ಎದ್ದಿವೆ, ಗೈಡು ಟಾರ್ಚ್ ಹಿಡಿದ್ರೆ ಒಳಗಿಂದ ಬೆಳಗಿದ ಹಾಗಾಗುತ್ತೆ. ಚೆನ್ನಾಗಿದೆ, ಮಕ್ಕಳಿದ್ರೆ ಬಿಡಬೇಡಿ. ಆದ್ರೆ ನನ್ನ ಮನಸ್ಸಲ್ಲಿ ಉಳಿದದ್ದು ಅದರ ಹೆಸರಿನ ಕಥೆ.

ಮೇಲಿನ ಪ್ರಸ್ಥಭೂಮಿ ಪೂರ್ತಿ ಸುಣ್ಣಕಲ್ಲು, ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು, ನೆಲದೊಳಗೆ ಎಲ್ಲೆಲ್ಲೋ ಹರಿದು, ಕೆಳಗೆ ನದಿ ಪಕ್ಕ ಬುಗ್ಗೆಯಾಗಿ ಹೊರಗೆ ಬರುತ್ತೆ. ಜೋರು ಮಳೆ ಆದ್ಮೇಲೆ ಆ ಬುಗ್ಗೆ ಭೋರ್ಗರೆಯೋ ಸದ್ದು ದೂರಕ್ಕೆ ಕೇಳುತ್ತೆ, ಒಕ್ಸಿತಾನ್‌ನಲ್ಲಿ ಕ್ಲಮೂಜ್ ಅಂದ್ರೆ ಕೂಗೋಳು ಅಂತ. ಜನ ಹೇಳೋ ಕಥೆಯಲ್ಲಿ, ಬುಗ್ಗೆ ಹತ್ರದ ಮನೆಯ ಬಡ ತಾಯಿ ತನ್ನ ಮಗನನ್ನ ಮೇಲಿನ ಬಯಲಿಗೆ ಕುರಿ ಕಾಯೋಕೆ ಕಳಿಸಿರ್ತಾಳೆ. ಒಂದಿನ ನೀರು ತರೋಕೆ ಹೋದಾಗ ಮಗ ಕೆತ್ತಿದ ಕೋಲು ಬುಗ್ಗೆಯಲ್ಲಿ ತೇಲಿ ಬರುತ್ತೆ, ಮೇಲೆ ಅವನು ಒಂದು ಆಳದ ಬಿಲಕ್ಕೆ ಎಸೆದಿದ್ದು ಅದು. ಆವಾಗಿಂದ ಅವನು ಅಲ್ಲಿಂದ ಆಗಾಗ ಏನಾದ್ರೂ ನೀರಲ್ಲಿ ಬಿಡ್ತಾನೆ, ತಾಯಿ ಇಲ್ಲಿ ತಗೊಳ್ತಾಳೆ. ಒಂದು ದಿನ ಬಲವಾದ ಕುರಿಯೊಂದು ಎಳೆದು ಅವನೇ ಆ ಬಿಲಕ್ಕೆ ಬೀಳ್ತಾನೆ, ತಾಯಿ ಬುಗ್ಗೆ ಹತ್ರ ಕಾಯ್ತಾ ಇದ್ದಾಗ ಬಂದದ್ದು ಮಗನ ದೇಹ. ಮಳೆಗಾಲದಲ್ಲಿ ಕೇಳೋದು ಅವಳ ಗೋಳು ಅಂತಾರೆ. ನೀರು ಎಲ್ಲಿ ಇಳಿದು ಎಲ್ಲಿ ಬರುತ್ತೆ ಅನ್ನೋದನ್ನ ಕುರಿಗಾಹಿಗಳು ಯಾವ ಕಾಲದಲ್ಲೋ ಸರಿಯಾಗೇ ಗುರುತಿಸಿದ್ರು ಅಂತ ಇದ್ರಲ್ಲಿ ಗೊತ್ತಾಗುತ್ತೆ. ಅತ್ತೆ ಕಥೆ ಕೇಳಿ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ ಮೊಮ್ಮಗಳ ಕೈ ಹಿಡ್ಕೊಂಡವರು ಕಾರ್ ತನಕ ಬಿಡ್ಲಿಲ್ಲ.

ಹೋಗೋ ಆಸೆ ಇರೋರಿಗೆ ಒಂದೆರಡು ಮಾತು. ಮೊಂಪೆಲಿಯೇ ತನಕ ರೈಲಲ್ಲಿ ಬಂದು ಅಲ್ಲಿಂದ ಬರಬಹುದು, ಸುಮಾರು 40 ಕಿಲೋಮೀಟರ್. ಜುಲೈ ಆಗಸ್ಟ್ ಬೇಡ, ಬಿಸಿಲು ಮತ್ತೆ ಜನ ಎರಡೂ ವಿಪರೀತ, ಮೇ ಅಥವಾ ಸೆಪ್ಟೆಂಬರ್ ಒಳ್ಳೇದು. ಸೇತುವೆ ಮತ್ತು ಮಠದ ಚರ್ಚು 1998ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ, ಸಾಂತಿಯಾಗೋ ದಾರಿಗಳ ಭಾಗವಾಗಿ, ಹಾಗಾಗಿ ರಜೆಯಲ್ಲಿ ಟೂರಿಸ್ಟ್ ಬಸ್‌ಗಳು ಬೆಳಿಗ್ಗೆ ಹತ್ತಕ್ಕೆಲ್ಲಾ ಶುರು ಆಗ್ಬಿಡ್ತವೆ. ಎಂಟು ಗಂಟೆಗೇ ಹೋಗಿ, ಚೌಕದಲ್ಲಿ ಕೂರೋ ಮುಂಚೆ ತೊರೆ ಪಕ್ಕದ ಬೀದಿಯಲ್ಲಿ ಮೇಲಿನ ತನಕ ನಡೀರಿ. ಆ ಹೊತ್ತಲ್ಲಿ ವೆರ್ದೂಸ್ ಸದ್ದು ಬಿಟ್ರೆ ಬೇರೇನೂ ಕೇಳಲ್ಲ, ಗಿಯೆಮ್ ಯಾವ ದೆಜೆರ್ ಹುಡುಕ್ಕೊಂಡು ಬಂದಿದ್ದ ಅಂತ ಯಾರೂ ವಿವರಿಸಬೇಕಾಗಲ್ಲ.